ಗೋಡೆಯ ಮೂಲೆಯೂ ಹಾರ್ನಿನ ಬಾಯಿಯೂ

ಮನೆಯಲ್ಲಿ ಹಾರ್ನ್ ಸ್ಪೀಕರ್ ಇಟ್ಟುಕೊಂಡು ಸಂಗೀತ ಕೇಳುತ್ತೇನೆ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಜಾತ್ರೆ, ಮದುವೆ ಚಪ್ಪರ, ಚುನಾವಣೆಯ ಜೀಪು. ಆ ಕರ್ಕಶ ಸದ್ದನ್ನು ಮನೆಯೊಳಗೆ ತಂದುಕೊಳ್ಳುವವರಿದ್ದಾರೆಯೇ ಎಂದು ಆಶ್ಚರ್ಯಪಡುತ್ತಾರೆ. ಅವರ ಆಶ್ಚರ್ಯಕ್ಕೆ ಕಾರಣವಿದೆ. ಆದರೆ ಆ ಕರ್ಕಶಕ್ಕೆ ಹಾರ್ನ್ ಎಂಬ ತತ್ವ ಹೊಣೆಯಲ್ಲ. ಮೈಕ್ ಸೆಟ್ಟಿನ ಹಾರ್ನು ಮಾತು ದೂರಕ್ಕೆ ಮುಟ್ಟಲೆಂದು ಮಾಡಿದ್ದು. ಗಾತ್ರ ಚಿಕ್ಕದು, ಒಳಗಿನ ದಾರಿಯನ್ನು ಮಡಚಿ ಕೂರಿಸಿರುತ್ತಾರೆ. ಮುನ್ನೂರು ಹರ್ಟ್ಜ್ ಆಸುಪಾಸಿನಿಂದ ಕೆಳಗೆ ಅದರಲ್ಲಿ ಹೆಚ್ಚೇನೂ ಹೊರಡುವುದಿಲ್ಲ. ಅದಕ್ಕೆ ಆಂಪ್ಲಿಫೈಯರನ್ನು ಮಿತಿಮೀರಿ ತಿರುಗಿಸಿದರೆ ಒಡಕು ದನಿಯಲ್ಲದೆ ಇನ್ನೇನು ಬಂದೀತು?

ತಿಪಟೂರಿನಲ್ಲಿ ನನ್ನ ಸೋದರಮಾವ ಸೌಂಡ್ ಸರ್ವಿಸ್ ನಡೆಸುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವರ ಜತೆ ಊರೂರು ತಿರುಗಿ ತೆಂಗಿನ ಮರಕ್ಕೆ ಹಾರ್ನ್ ಕಟ್ಟುವುದು, ಹಿಂದಿನ ಯೂನಿಟ್ಟನ್ನು ತಿರುಪಿ ಕೂರಿಸುವುದು, ಸುಟ್ಟುಹೋದರೆ ಒಳಗಿನ ಡಯಾಫ್ರಮ್ ಬದಲಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಮಾವನಿಗೆ ವಾಟ್ ಎಷ್ಟು ಎಂಬುದಕ್ಕಿಂತ ಹಾರ್ನಿನ ಬಾಯಿ ಎತ್ತ ತಿರುಗಿದೆ ಎಂಬುದೇ ದೊಡ್ಡ ವಿಷಯ. ಹಳ್ಳಿಯ ಗುಡಿಯೊಂದರ ಕಲ್ಲುಗೋಡೆಯ ಕಡೆ ನಾನು ಹಾರ್ನ್ ತಿರುಗಿಸಿ ಕಟ್ಟುತ್ತಿದ್ದಾಗ ಕೆಳಗಿನಿಂದ ಕೂಗಿದ್ದರು: "ಲೇ, ಗೋಡೆಗೆ ಯಾಕೋ ಮಾತು ಹೇಳ್ತೀಯ? ಜನ ಇರೋ ಕಡೆ ತಿರುಗ್ಸು. ಗೋಡೆಗೆ ಬಿದ್ದಿದ್ದು ವಾಪಸ್ ಬಂದು ಎಲ್ಲಾನೂ ಕೆಡಿಸುತ್ತೆ ಕಣೋ." ಮುಂದೆ ಎಲೆಕ್ಟ್ರಾನಿಕ್ಸ್ ಓದಿದೆ, ಧ್ವನಿಶಾಸ್ತ್ರದ ಪುಸ್ತಕಗಳನ್ನು ತಿರುವಿಹಾಕಿದೆ. ಮನೆಯ ಹಾರ್ನುಗಳ ವಿಷಯದಲ್ಲಿ ಎಂಬತ್ತು ವರ್ಷ ನಡೆದ ಚರ್ಚೆಯ ತಿರುಳು ಈ ಮಾತಿನೊಳಗೇ ಇತ್ತು ಎಂಬುದು ನಿಧಾನವಾಗಿ ತಿಳಿಯಿತು.

ಹೊಲದ ಆಚೆ ಬದಿಯವರನ್ನು ಕರೆಯುವಾಗ ಬಾಯಿಗೆ ಎರಡೂ ಅಂಗೈ ಅಡ್ಡ ಹಿಡಿದು ಕೂಗುತ್ತೇವಲ್ಲ, ಹಾರ್ನ್ ಮಾಡುವುದೂ ಅದನ್ನೇ. ಪುಟ್ಟ ಡಯಾಫ್ರಮ್ ಬಯಲಿನ ಗಾಳಿಯನ್ನು ನೇರವಾಗಿ ತಳ್ಳಹೊರಟರೆ ಗಾಳಿ ಅದಕ್ಕೆ ಸಿಕ್ಕುವುದೇ ಇಲ್ಲ. ಶಕ್ತಿಯ ಬಹುಪಾಲು ಕಾಯಿಲ್‌ನ ಬಿಸಿಯಾಗಿ ಹೋಗುತ್ತದೆ. ಸಾಧಾರಣ ಪೆಟ್ಟಿಗೆ ಸ್ಪೀಕರಿನಲ್ಲಿ ಸದ್ದಾಗುವುದು ಕೊಟ್ಟ ವಿದ್ಯುತ್ತಿನ ನೂರರಲ್ಲಿ ಒಂದು ಪಾಲು, ಎಷ್ಟೋ ಸಲ ಅದಕ್ಕೂ ಕಡಿಮೆ. ಡಯಾಫ್ರಮ್ಮಿನ ಮುಂದೆ ಕಿರಿದಾದ ಗಂಟಲಿಟ್ಟು ಅದು ಕ್ರಮವಾಗಿ ಅಗಲವಾಗುತ್ತ ಹೋಗುವಂತೆ ಮಾಡಿದರೆ ಗಾಳಿಗೂ ಡಯಾಫ್ರಮ್ಮಿಗೂ ಹಿಡಿತ ಸಿಗುತ್ತದೆ. ಆಗ ನೂರಕ್ಕೆ ಹತ್ತು, ಇಪ್ಪತ್ತು ಪಾಲು, ಚೆನ್ನಾಗಿ ಮಾಡಿದರೆ ಇನ್ನೂ ಹೆಚ್ಚು ಸದ್ದಾಗಿ ಹೊರಬರುತ್ತದೆ.

1926ರಲ್ಲಿ ಚಿತ್ರಕ್ಕೆ ಸದ್ದು ಕೂಡಿಸುವ ವೈಟಾಫೋನ್ ಪದ್ಧತಿಯಲ್ಲಿ 'ಡಾನ್ ಹ್ವಾನ್' ಚಿತ್ರ ತೆರೆಕಂಡಾಗ ದೊಡ್ಡ ಚಿತ್ರಮಂದಿರಗಳನ್ನು ಕೆಲವೇ ವಾಟ್‌ಗಳಲ್ಲಿ ತುಂಬಬೇಕಿತ್ತು. ಬೆಲ್ ಪ್ರಯೋಗಾಲಯದ ವೆಂಟ್ ಮತ್ತು ಥುರಾಸ್ ರೂಪಿಸಿದ, ಹಾರ್ನಿನ ಹಿಂದೆ ಕೂರುವ ವೆಸ್ಟರ್ನ್ ಎಲೆಕ್ಟ್ರಿಕ್ 555 ಡ್ರೈವರ್ ಬಂದದ್ದು ಆ ಕೊರತೆಯನ್ನು ನೀಗಲು. ಹಳೆಯ ಹಾರ್ನುಗಳ ಗುಣವನ್ನೂ ದೋಷವನ್ನೂ ತೂಗುವಾಗ ಇದನ್ನು ಮರೆಯಬಾರದು: ಅವು ವಾಟ್ ಉಳಿಸಲು ಹುಟ್ಟಿದವು.

ಮನೆಗೆಂದೇ ಮಾಡಿದ ನಿಜವಾದ ಹಾರ್ನ್ ಸ್ಪೀಕರನ್ನು ನಾನು ಮೊದಲು ಕೇಳಿದ್ದು ತೊಂಬತ್ತರ ದಶಕದಲ್ಲಿ, ಕೆಲಸದ ಮೇಲೆ ಡಲ್ಲಾಸ್‌ನಲ್ಲಿದ್ದಾಗ. ಹಿರಿಯ ಸಹೋದ್ಯೋಗಿಯೊಬ್ಬರ ಮನೆಯ ಹಜಾರದ ಎರಡು ಮೂಲೆಗಳಲ್ಲಿ ಎದೆಮಟ್ಟದ ಎರಡು ಮರದ ಬೀರುಗಳಿದ್ದವು. ಅವು ಕ್ಲಿಪ್ಶ್‌ಹಾರ್ನ್. ಅಮೆರಿಕದ ಪಾಲ್ ಕ್ಲಿಪ್ಶ್ 1946ರಿಂದ ಮಾರತೊಡಗಿದ, ಇಂದಿಗೂ ತಯಾರಾಗುತ್ತಿರುವ ಸ್ಪೀಕರ್. ಧಾರವಾಡದ ಗೆಳೆಯ ಕೊಟ್ಟಿದ್ದ ಮಲ್ಲಿಕಾರ್ಜುನ ಮನ್ಸೂರರ ಸಿ.ಡಿ.ಯನ್ನು ನಾನು ಒಯ್ದಿದ್ದೆ. ತಂಬೂರಿ ಆರಂಭವಾಗುತ್ತಿದ್ದಂತೆ ಆ ಹಿರಿಯರು ಟಿ.ವಿ. ಆರಿಸಿ ಬಂದು ಕೂತರು. ಕೊನೆಯವರೆಗೂ ಇಬ್ಬರೂ ಮಾತಾಡಲಿಲ್ಲ.

ನನ್ನನ್ನು ಹಿಡಿದಿಟ್ಟದ್ದು ದೊಡ್ಡ ಸದ್ದಲ್ಲ, ಸಣ್ಣ ಸದ್ದು. ಮನ್ಸೂರರು ಉಸಿರು ತೆಗೆದುಕೊಂಡು ಮುಂದಿನ ತಾನಕ್ಕೆ ಹೊರಡುವ ಆ ಕ್ಷಣದ ಬಿರುಸು, ತಬಲಾದ ಚಾಟಿಯ ಮೇಲೆ ಬೆರಳು ಬಿದ್ದೊಡನೆ ಹುಟ್ಟುವ ಮೊನೆ, ಇವು ಯಾವ ಪ್ರಯಾಸವೂ ಇಲ್ಲದೆ ಬರುತ್ತಿದ್ದವು. ಲೆಕ್ಕ ಸರಳ. ಮನೆಮನೆಯ ಪೆಟ್ಟಿಗೆ ಸ್ಪೀಕರ್ ಒಂದು ವಾಟ್‌ಗೆ ಸುಮಾರು 86 ಡೆಸಿಬಲ್ ಕೊಟ್ಟರೆ ಕ್ಲಿಪ್ಶ್‌ಹಾರ್ನ್ 104ರ ಆಸುಪಾಸು ಕೊಡುತ್ತದೆ. ಮೂರು ಡೆಸಿಬಲ್‌ಗೊಮ್ಮೆ ವಾಟ್ ದುಪ್ಪಟ್ಟು ಬೇಕಾಗುವುದರಿಂದ, ಹಾರ್ನು ಒಂದು ವಾಟ್‌ನಲ್ಲಿ ಮಾಡುವ ಕೆಲಸವನ್ನು ಮಾಡಲು ಪೆಟ್ಟಿಗೆ ಸ್ಪೀಕರಿಗೆ ಅರವತ್ತಕ್ಕೂ ಮಿಕ್ಕಿ ವಾಟ್ ಬೇಕು. ಅಷ್ಟು ಶಕ್ತಿ ತುಂಬಿದಾಗ ಕಾಯಿಲ್ ಕಾಯುತ್ತದೆ, ಕೋನು ದೂರ ದೂರ ಓಲಾಡುತ್ತದೆ, ದನಿ ಬಿಗಿಯುತ್ತದೆ. ಹಾರ್ನಿನ ಡಯಾಫ್ರಮ್ ಕಣ್ಣಿಗೆ ಕಾಣುವಷ್ಟೂ ಅಲುಗುವುದಿಲ್ಲ.

ಇನ್ನು ಕೆಳಸ್ಥಾಯಿ. ಗಾಯಕರ ಶ್ರುತಿ ಕಾಳಿ ಒಂದರ ಸುಮಾರಿಗಿದ್ದರೆ ತಂಬೂರಿಯ ಖರ್ಜದ ತಂತಿ 69 ಹರ್ಟ್ಜ್ ಹತ್ತಿರ ನುಡಿಯುತ್ತದೆ. ಹಾರ್ನಿನಲ್ಲಿ ಇಷ್ಟು ಕೆಳಗಿನ ಸ್ವರ ಹೊರಡಿಸುವುದು ಹುಡುಗಾಟವಲ್ಲ. ಬಾಯಿಯ ಸುತ್ತಳತೆ ಆ ಸ್ವರದ ಅಲೆಯುದ್ದದಷ್ಟಾದರೂ ಇರಬೇಕು ಎಂಬುದು ಹಳೆಯ ಸೂತ್ರ. 40 ಹರ್ಟ್ಜ್‌ವರೆಗೆ ಇಳಿಯಬೇಕಾದರೆ ಬಾಯಿಯ ಅಡ್ಡಳತೆ ಒಂಬತ್ತು ಅಡಿ! ಯಾರ ಮನೆಯಲ್ಲಿ ಹಿಡಿಸೀತು? ಕ್ಲಿಪ್ಶ್‌ನ ಜಾಣ್ಮೆ ಇಲ್ಲಿದೆ. ಎರಡು ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಹಾರ್ನನ್ನು ತಳ್ಳಿದರೆ ಸದ್ದು ಹರಡಬೇಕಾದ ಅವಕಾಶ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಬಾಯಿಯ ವಿಸ್ತೀರ್ಣವೂ ಎಂಟನೇ ಒಂದು ಭಾಗವಿದ್ದರೆ ಸಾಕು. ಹದಿನೈದು ಇಂಚಿನ ವೂಫರಿನ ಮುಂದೆ ಮಡಚಿದ ಮರದ ದಾರಿ, ಆ ದಾರಿಯ ಕೊನೆಯ ತುಂಡು ಮನೆಯ ಗೋಡೆಗಳೇ. ಸ್ಪೀಕರ್ ಕೊಂಡವರು ಅರ್ಧ ಹಾರ್ನನ್ನು ಆಗಲೇ ಕಟ್ಟಿಸಿಕೊಂಡು ಕೂತಿದ್ದಾರೆ. ಧ್ವನಿ ತಂತ್ರದಲ್ಲಿ ಇದಕ್ಕಿಂತ ಚೆಲುವಾದ ಯೋಚನೆಯನ್ನು ನಾನು ಕಂಡಿಲ್ಲ.

ಅದೇ ಸಂಜೆ ಇನ್ನೊಂದು ಸಂಗತಿಯೂ ಕಿವಿಗೆ ಬಿತ್ತು. ನೀರು ಕುಡಿಯಲು ಎದ್ದೆ. ತಂಬೂರಿಯ ಜೀವಾರಿ, ಆ ಮೇಲುಸ್ವರಗಳ ಝೇಂಕಾರ, ಮಂಕಾಯಿತು. ಕೂತಾಗ ಮತ್ತೆ ತೆರೆದುಕೊಂಡಿತು. ನಾಲ್ಕು ಹೆಜ್ಜೆ ಬದಿಗೆ ಸರಿದರೂ ಹಾಗೆಯೇ. ಹಾಡು ಕೇಳುವಾಗ ಇದು ಗೊತ್ತಾಗುವುದು ಕಷ್ಟ, ಸ್ವರ ಬದಲಾಗುತ್ತಲೇ ಇರುತ್ತದೆ. ತಂಬೂರಿ ಬದಲಾಗುವುದಿಲ್ಲ. ಖರ್ಜದಿಂದ ಹಿಡಿದು ಜೀವಾರಿಯ ಮೇಲುಸ್ವರಗಳವರೆಗೆ ಒಂದೇ ಸಮನೆ ಹರಿಯುವ ನಾದ ಅದು. ಕೋಣೆಯಲ್ಲಿ ಎಲ್ಲಿ ಏನು ಕಳೆದುಹೋಗುತ್ತಿದೆ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಸಾಧನ ನಮ್ಮವರ ಕೈಗೆ ಇನ್ನೊಂದು ಸಿಗದು. ಅಲ್ಲಿಂದಾಚೆ ಯಾವ ಸ್ಪೀಕರ್ ಕೇಳಲು ಹೋದರೂ ಮೊದಲು ಬರಿಯ ತಂಬೂರಿ ಹಾಕಿಸಿ, ಕೋಣೆಯಲ್ಲಿ ಓಡಾಡುತ್ತೇನೆ.

ಡಲ್ಲಾಸ್‌ನಿಂದ ಅರ್ಕಾನ್ಸಾದ ಹೋಪ್ ಎಂಬ ಸಣ್ಣ ಊರಿಗೆ ಕಾರಿನಲ್ಲಿ ಅರ್ಧ ದಿನದೊಳಗೆ ಹೋಗಬಹುದು; ಒಮ್ಮೆ ಹೋದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಮದ್ದುಗುಂಡು ಪರೀಕ್ಷಾ ಕೇಂದ್ರಕ್ಕೆ ಅಧಿಕಾರಿಯಾಗಿ ಬಂದ ಕ್ಲಿಪ್ಶ್ ಯುದ್ಧ ಮುಗಿದ ಮೇಲೂ ಅಲ್ಲೇ ಉಳಿದು ಕಾರ್ಖಾನೆ ತೆರೆದ. ಒಳ್ಳೆಯ ಸ್ಪೀಕರಿಗೆ ನಾಲ್ಕು ಲಕ್ಷಣಗಳು ಬೇಕೆಂದು ಆತನ ಸಂಸ್ಥೆ ಸಾರುತ್ತ ಬಂದಿದೆ: ಹೆಚ್ಚಿನ ದಕ್ಷತೆ, ಕಡಿಮೆ ವಿಕೃತಿ, ಹಿಡಿತದಲ್ಲಿರುವ ದಿಕ್ಕು, ಸಮನಾದ ಸ್ವರವ್ಯಾಪ್ತಿ. ಹೋಪ್‌ನ ಬೀದಿಗಳಲ್ಲಿ ನಡೆಯುವಾಗ ನನ್ನ ಮನಸ್ಸು ಮೂರನೆಯದರಲ್ಲೇ ನಿಂತಿತ್ತು. ದಿಕ್ಕಿನ ಹಿಡಿತ ಬೇಕೆಂದು ಆತನಿಗೆ ಗೊತ್ತಿತ್ತು. ಅದನ್ನು ಪೂರ್ತಿ ಸಾಧಿಸುವ ಆಕಾರ ಆ ಕಾಲದ ಕೈಯಲ್ಲಿರಲಿಲ್ಲ.

ಆಕಾರದ ಕತೆ ಹೀಗೆ. ಹಳೆಯ ಹಾರ್ನುಗಳಲ್ಲಿ ಬಹುಪಾಲು ಎಕ್ಸ್‌ಪೊನೆನ್ಶಿಯಲ್ ಬಾಗಿನವು. ಕಡಿಮೆ ಉದ್ದದಲ್ಲಿ ಡ್ರೈವರಿಗೆ ಒಳ್ಳೆಯ ಹೊರೆ, ಅಂದರೆ ಗಾಳಿಯ ಹಿಡಿತ, ಕೊಡುವುದರಲ್ಲಿ ಅವು ಗಟ್ಟಿ. ಆದರೆ ಸ್ವರ ಏರಿದಂತೆ ಅವುಗಳಿಂದ ಹೊರಡುವ ಸದ್ದಿನ ಕಿರಣ ಕಿರಿದಾಗುತ್ತ ಹೋಗುತ್ತದೆ. ಎದುರು ಕೂತವನಿಗೆ ಎಲ್ಲವೂ ಉಂಟು, ಪಕ್ಕದವನಿಗೆ ಮೇಲಿನದು ಇಲ್ಲ. 1975ರಲ್ಲಿ ಡಾನ್ ಕೀಲ್ ಎಂಬ ಎಂಜಿನಿಯರು ಎಕ್ಸ್‌ಪೊನೆನ್ಶಿಯಲ್ ಹಾರ್ನಿಗೆ ಅಷ್ಟೊಂದು ಪೂಜ್ಯತೆ ಏಕೆ ಎಂದು ಶೀರ್ಷಿಕೆಯಲ್ಲೇ ಕೇಳುವ ಪ್ರಬಂಧ ಮಂಡಿಸಿದರು. ಗಂಟಲ ಬಳಿ ಎಕ್ಸ್‌ಪೊನೆನ್ಶಿಯಲ್, ಮುಂದೆ ಶಂಕುವಿನ ನೇರ ಗೋಡೆ. ಆಗ ಗೋಡೆಗಳ ನಡುವಿನ ಕೋನವೇ ಸದ್ದು ಹರಡುವ ಕೋನವೂ ಆಗುತ್ತದೆ. ಎಷ್ಟು ಕೆಳಗಿನವರೆಗೆ ಆ ಹಿಡಿತ ಉಳಿಯುತ್ತದೆ ಎಂಬುದನ್ನು ಬಾಯಿಯ ಅಗಲ ನಿರ್ಧರಿಸುತ್ತದೆ. ಕೀಲ್ ಕೊಟ್ಟ ಸೂತ್ರದಂತೆ 90 ಡಿಗ್ರಿಯ ಹಾರ್ನು 700 ಹರ್ಟ್ಜ್‌ವರೆಗೆ ದಿಕ್ಕು ಹಿಡಿಯಲು ಸುಮಾರು 16 ಇಂಚು ಅಗಲ ಬೇಕು, 500ಕ್ಕೆ 22 ಇಂಚು.

ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಇಂಥ ಹಾರ್ನುಗಳ ಹಿಂದೆ ಕೂರುವ ಕಂಪ್ರೆಷನ್ ಡ್ರೈವರಿನ ಶಕ್ತಿ ಮೂರು ನಾಲ್ಕು ಸಾವಿರ ಹರ್ಟ್ಜ್ ದಾಟಿದ ಮೇಲೆ ಇಳಿಯುತ್ತದೆ. ಹಳೆಯ ಹಾರ್ನು ಉಳಿದಷ್ಟನ್ನೂ ಎದುರಿಗೆ ಒಟ್ಟುಮಾಡಿ ಕೊರತೆ ಕಾಣದಂತೆ ಮಾಡುತ್ತಿತ್ತು. ಹೊಸ ಹಾರ್ನು ಎಲ್ಲ ಕಡೆಗೂ ಸಮನಾಗಿ ಹಂಚುವುದರಿಂದ ಕೊರತೆ ಬಯಲಾಗುತ್ತದೆ, ಈಕ್ವಲೈಸರಿನಿಂದ ತುಂಬಿಕೊಡಬೇಕು. ಕೀಲ್ ನಂತರ ಬಂದ ಸಭಾಂಗಣದ ಹಾರ್ನುಗಳು ಹಲವು ಗಂಟಲಲ್ಲಿ ಕಿರಿದಾದ ಸೀಳಿಟ್ಟು ಸದ್ದನ್ನು ಹರಡಿಸಿದವು. ಸೀಳಿನ ಅಂಚಿಗೆ ತಗುಲಿದ ಅಲೆ ಹಿಂದಕ್ಕೆ ಮರಳುತ್ತದೆ. ಬಯಲಿನಲ್ಲಿ ನಡೆದೀತು, ಹತ್ತಡಿ ದೂರದಲ್ಲಿ ಕೂತವನ ಕಿವಿಗೆ ಅದು ಮೂಗಿನ ದನಿ. ಎಂಬತ್ತರ ದಶಕದ ಹಾರ್ನುಗಳಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಇದರ ಪಾಲು ದೊಡ್ಡದೆಂದು ನನಗನಿಸುತ್ತದೆ.

ಅಲ್ಲಿಂದ ಮುಂದಿನ ಹೆಜ್ಜೆ ಅರ್ಲ್ ಗೆಡ್ಸ್ ಅವರದು. 1989ರಲ್ಲಿ ಅವರು ವೇವ್‌ಗೈಡ್ ಸಿದ್ಧಾಂತ ಪ್ರಕಟಿಸಿದರು. ಹೊರೆಯ ಚಿಂತೆಯನ್ನು ಹಿಂದಿಟ್ಟು, ಅಲೆ ಎಲ್ಲೂ ಎಡವದೆ ಗಂಟಲಿನಿಂದ ಬಾಯಿಗೆ ಸಾಗುವ ಆಕಾರ ಯಾವುದು ಎಂಬುದನ್ನು ಮೊದಲ ಪ್ರಶ್ನೆ ಮಾಡಿಕೊಂಡರು. ಡ್ರೈವರಿನ ಬಾಯಿಗೆ ಹೊಂದಿಕೊಂಡು ನುಣುಪಾಗಿ ಬಾಗಿ, ಮುಂದೆ ನೇರ ಶಂಕುವಾಗಿ ತೆರೆಯುವ ಆಕಾರ ಅದು. ಒಳಗೆ ಅಡ್ಡಾದಿಡ್ಡಿ ಓಡುವ ಅಲೆಗಳನ್ನು ತಗ್ಗಿಸಲು ಹಾರ್ನಿನೊಳಗೇ ರಂಧ್ರಭರಿತ ಫೋಮ್ ತುಂಬಿದರು. ಇವತ್ತು ಸ್ಟುಡಿಯೋಗಳ ಮೇಜಿನ ಮೇಲಿಡುವ ಅಗ್ಗದ ಸ್ಪೀಕರಿನ ಟ್ವೀಟರಿನ ಸುತ್ತಲೂ ವೇವ್‌ಗೈಡ್ ಕಾಣುತ್ತದೆ. ಅಲ್ಲಿ ವಾಟ್ ಉಳಿಸುವ ಪ್ರಶ್ನೆಯೇ ಇಲ್ಲ. ಸದ್ದು ಎತ್ತ ಹೋಗಬೇಕೆಂಬುದೊಂದೇ ಪ್ರಶ್ನೆ.

ಹಳತು ಹೊಸತನ್ನು ಒಂದೇ ಸೂರಿನಡಿ ಕೇಳುವ ಅವಕಾಶ ಸಿಕ್ಕಿದ್ದು ಮ್ಯೂನಿಕ್‌ನ ಹೈ ಎಂಡ್ ಎಂಬ ಆಡಿಯೋ ಪ್ರದರ್ಶನದಲ್ಲಿ. ಕೊರಿಯಾದ ಸಿಲ್ಬಾಟೋನ್ ಕಂಪನಿಯವರು ವೆಸ್ಟರ್ನ್ ಎಲೆಕ್ಟ್ರಿಕ್‌ನ ಹಳೆಯ ಚಿತ್ರಮಂದಿರದ ಹಾರ್ನುಗಳನ್ನು ತಂದು ನಿಲ್ಲಿಸಿದ್ದರು. ಕೋಣೆ ಕಿಕ್ಕಿರಿದಿತ್ತು. ಮೇಲಿನ ಸ್ವರಗಳು ಕಡಿಮೆ, ಕೆಳಗಿನವು ಮಿತ. ನಡುವೆ ಮನುಷ್ಯನ ದನಿ ಇರುವ ಜಾಗದಲ್ಲಿ ಮಾತ್ರ ಒಂದು ಸಲೀಸು ಇತ್ತು. ಹಾಡುವವರು ಅಲ್ಲೇ ನಿಂತು ಹಾಡಿದಂತಿತ್ತು. ಬೇರೆ ಕೋಣೆಯಲ್ಲಿ ಜರ್ಮನಿಯ ಅವಂತ್‌ಗಾರ್ಡ್ ಟ್ರಯೊ, ದೊಡ್ಡ ದುಂಡು ಬಾಯಿಗಳ, ಬಣ್ಣ ಹಚ್ಚಿದ ಹೊಳೆಯುವ ಹಾರ್ನುಗಳು. ಅವುಗಳ ಗೋಲಾಕಾರದ ಬಾಗು ನೋಡಲು ಹೊಸದು. ಬೇರು ಮಾತ್ರ ಇಂಗ್ಲೆಂಡಿನ ಪಾಲ್ ಫೋಯ್ಟ್ 1920ರ ದಶಕದಲ್ಲಿ ಕಂಡುಕೊಂಡ ಟ್ರ್ಯಾಕ್ಟ್ರಿಕ್ಸ್ ಎಂಬ ಬಾಗಿಗೂ ಜರ್ಮನಿಯ ಕ್ಲಾಂಗ್‌ಫಿಲ್ಮ್‌ನ ಚಿತ್ರಮಂದಿರದ ಹಾರ್ನುಗಳಿಗೂ ಇಳಿಯುತ್ತದೆ. ಹೊಸದೆಂದು ಮಾರುವುದೆಲ್ಲ ಹೊಸದಲ್ಲ. ಟ್ರಯೊ ತುಂಬ ಶುಚಿಯಾಗಿ, ಬೆಳಕಾಗಿ ಕೇಳಿಸಿತು. ಅದರ ದಿಕ್ಕಿನ ಸ್ವಭಾವ ಮಾತ್ರ ಹಳೆಯದಕ್ಕೆ ಹತ್ತಿರ: ನಡುವಿನ ಕುರ್ಚಿಗೆ ರಾಜಮರ್ಯಾದೆ. ಅದೇ ಮನೆತನದ ಚಿಕ್ಕ ಮಾದರಿ ಡ್ಯುಯೊದಲ್ಲಿ ಹಾರ್ನಿನ ಕೆಳಗೆ ಬರುವುದು ಹಾರ್ನಲ್ಲ, ಆಂಪ್ಲಿಫೈಯರ್ ಕೂಡಿದ ಸಬ್‌ವೂಫರ್. ಅಂಥ ಜೋಡಣೆಯಲ್ಲಿ ಮೇಲಿನದರ ಸಲೀಸಿಗೂ ಕೆಳಗಿನದರ ಭಾರಕ್ಕೂ ನಡುವೆ ಒಂದು ಹೊಲಿಗೆ ನನ್ನ ಕಿವಿಗೆ ಪ್ರತಿ ಸಲವೂ ಸಿಕ್ಕಿದೆ.

ಆಲ್ಟೆಕ್‌ನ 'ವಾಯ್ಸ್ ಆಫ್ ದ ಥಿಯೇಟರ್' ಸ್ಪೀಕರ್ ಬಗ್ಗೆ ಗೆಳೆಯರು ಕೇಳುತ್ತಿರುತ್ತಾರೆ. ಅದರ ಎ7 ಮಾದರಿ ಮನೆಗಳಲ್ಲಿ ಬಹು ಜನಪ್ರಿಯ. ಹದಿನೈದು ಇಂಚಿನ ವೂಫರಿಗೆ ಮುಂದೊಂದು ಗಿಡ್ಡ ಹಾರ್ನು, ಮೇಲೆ ಅಗಲ ಬಾಯಿಯ ಲೋಹದ ಹಾರ್ನು. ಗಿಡ್ಡ ಹಾರ್ನು ತೀರ ಕೆಳಗಿನ ಸ್ವರಗಳಿಗೆ ನೆರವಾಗುವುದಿಲ್ಲ, ಮೇಲಿನದಕ್ಕೂ ಕೆಳಗಿನದಕ್ಕೂ ಕಿವಿಯಲ್ಲಿ ಬೆಸುಗೆ ಬೀಳಲು ದೂರ ಬೇಕು. ಅದಕ್ಕೆ ಹಜಾರ ಇಪ್ಪತ್ತೈದು ಅಡಿ ಉದ್ದವಿದ್ದರೆ ಸರಿ, ನಮ್ಮ ಹನ್ನೆರಡು ಅಡಿಯ ಕೋಣೆಗೆ ಬೇಡ.

ಬೆಂಗಳೂರಿಗೆ ಮರಳಿದ ಮೇಲೆ ಬಸವನಗುಡಿಯ ಹಳೆಯ ಮನೆಯಲ್ಲಿ ನಾನು ಮಾಡಿಸಿಕೊಂಡದ್ದು ಎರಡರ ಕೂಡಿಕೆ. ಕೆಳಗೆ ಕ್ಲಿಪ್ಶ್ ಪದ್ಧತಿಯ ಮೂಲೆ ಹಾರ್ನು, ಮೇಲೆ ಗೆಡ್ಸ್ ಪದ್ಧತಿಯ ವೇವ್‌ಗೈಡು. ನಮ್ಮ ಮನೆಗಳ ಒಂದು ಭಾಗ್ಯ ಏನೆಂದರೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಅಮೆರಿಕದ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಕೆಳಸ್ವರಕ್ಕೆ ಅದೇ ಅದುರಿ ಸದ್ದನ್ನು ನುಂಗುತ್ತದೆ. ಇಟ್ಟಿಗೆ ಅದುರುವುದಿಲ್ಲ. ತೊಡಕು ಬಾಗಿಲುಗಳದು. ನಮ್ಮಲ್ಲಿ ಮೂಲೆಗೊಂದು ಬಾಗಿಲು. ಒಂದನ್ನು ಮುಚ್ಚಿಸಬೇಕಾಯಿತು. "ಯಾವುದಾದ್ರೂ ಮುಚ್ಚಿಸ್ಕೋ, ದೇವರ ಮನೆ ಬಾಗಿಲು ಮಾತ್ರ ಮುಟ್ಟಬೇಡಪ್ಪ" ಎಂದಳು ಅಮ್ಮ. ಹಿತ್ತಿಲ ಕಡೆಯದನ್ನು ಮುಚ್ಚಿಸಿದೆವು.

ವೇವ್‌ಗೈಡಿಗೆ ಪೀಣ್ಯದಲ್ಲಿ ಎರಕದ ಕಾರ್ಖಾನೆಗಳಿಗೆ ಮರದ ಪ್ಯಾಟರ್ನ್ ಮಾಡಿಕೊಡುವ ಮೇಸ್ತ್ರಿಯೊಬ್ಬರು ಸಿಕ್ಕರು. ಪ್ಲೈವುಡ್ಡನ್ನು ಉಂಗುರ ಉಂಗುರವಾಗಿ ಕತ್ತರಿಸಿ, ಒಂದರ ಮೇಲೊಂದು ಫೆವಿಕಾಲ್‌ನಿಂದ ಅಂಟಿಸಿ, ಲೇತಿಗೆ ಹಾಕಿ 22 ಇಂಚಿನ ಬಾಯಿ ತಿರುಗಿಸಿದರು. ಗಂಟಲ ಭಾಗ ಮುಗಿಸುವಾಗ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದರು. "ಬೆರಳಿಗೆ ತಾಗಿದ್ರೆ ಸದ್ದಿಗೂ ತಾಗುತ್ತಲ್ವಾ ಸಾರ್" ಎಂದರು. ಡ್ರೈವರ್ ಕೂರುವ ಜಾಗದಲ್ಲಿ ಕಾಗದದಷ್ಟು ಮೆಟ್ಟಿಲು ಉಳಿದಿದ್ದಕ್ಕೆ ಅವರೇ ಒಪ್ಪದೆ ಇನ್ನೊಂದು ದಿನ ಇಟ್ಟುಕೊಂಡರು.

90 ಡಿಗ್ರಿಯ ವೇವ್‌ಗೈಡ್ ಮೂಲೆಗೆ ಬಂದಾಗ ಒಂದು ಸೊಗಸಾದ ಹೊಂದಾಣಿಕೆ ಆಗುತ್ತದೆ. ಮೂಲೆಯ ಗೋಡೆಗಳ ನಡುವಿನ ಕೋನವೂ 90 ಡಿಗ್ರಿಯೇ. ಸದ್ದು ಪಕ್ಕದ ಗೋಡೆಗೆ ಬಡಿಯದೆ ಅದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ, ಕಾರ್ಪೆಟ್ ಇಲ್ಲದ ನಮ್ಮ ಕೋಣೆಗಳು ಮೊಳಗುವುದು ಹೆಚ್ಚು. ಸಾಧಾರಣ ಸ್ಪೀಕರ್ ಸುತ್ತಲೂ ಎರಚುವ ಸದ್ದೆಲ್ಲ ಅಲ್ಲಿ ಮರಳಿ ಮರಳಿ ಬಂದು ಮಾತನ್ನು ಕಲಸುತ್ತದೆ. ವೇವ್‌ಗೈಡಿನಲ್ಲಿ ಅದು ಬಹಳ ಮಟ್ಟಿಗೆ ನಿಂತಿತು. ಮಡಚಿದ ದಾರಿ ಉದ್ದವಾದ್ದರಿಂದ ಕೆಳಸ್ವರ ಕೆಲವು ಮಿಲಿಸೆಕೆಂಡ್ ತಡವಾಗಿ ಹೊರಬರುತ್ತದೆ; ಡಗ್ಗಾದ ಗುಂಕಾರ ಚಾಟಿಯ ಏಟಿನಿಂದ ಕೊಂಚ ಹಿಂದುಳಿದಂತೆ ಕೇಳಿಸುತ್ತದೆ. ಕ್ಲಿಪ್ಶ್‌ನ ಕಾಲದಲ್ಲಿ ಇದಕ್ಕೆ ಮದ್ದಿರಲಿಲ್ಲ. ಈಗ ಡಿಜಿಟಲ್ ಪ್ರಾಸೆಸರಿನಲ್ಲಿ ಮೇಲಿನದನ್ನು ಅಷ್ಟೇ ತಡೆದು ಬಿಟ್ಟರೆ ಎರಡೂ ಕೂಡಿ ಬರುತ್ತವೆ. ಮೇಲಿನದಕ್ಕೆ 300ಬಿ ವಾಲ್ವಿನ ಎಂಟು ವಾಟ್ ಆಂಪ್ಲಿಫೈಯರ್ ಬೇಕಾದಷ್ಟಾಯಿತು.

ನನ್ನ ತೀರ್ಪು ಇಷ್ಟು. ಸುಮಾರು 500 ಹರ್ಟ್ಜ್‌ನಿಂದ ಮೇಲಕ್ಕೆ ಹಳೆಯ ಹಾರ್ನಿಗೆ ಅಂಟಿಕೊಳ್ಳಲು ಅಭಿಮಾನ ಬಿಟ್ಟರೆ ಬೇರೆ ಕಾರಣವಿಲ್ಲ. ವೇವ್‌ಗೈಡ್ ಎಲ್ಲ ರೀತಿಯಲ್ಲೂ ಮನೆಗೆ ಮೇಲು. ಅಲ್ಲಿಂದ ಕೆಳಕ್ಕೆ, ಕೋಣೆಗೆ ಎರಡು ಗಟ್ಟಿ ಮೂಲೆಗಳಿದ್ದರೆ 1946ರ ಆ ಮರದ ಬೀರುವನ್ನು ಮೀರಿಸಿದ್ದನ್ನು ನಾನಿನ್ನೂ ಕೇಳಿಲ್ಲ. ಮೂಲೆ ಇಲ್ಲದವರು ವೇವ್‌ಗೈಡಿನ ಕೆಳಗೆ ದೊಡ್ಡ ಪೆಟ್ಟಿಗೆಯಲ್ಲಿ ಹದಿನೈದು ಇಂಚಿನ ವೂಫರ್ ಇಟ್ಟುಕೊಳ್ಳಲಿ, ನಷ್ಟ ಹೆಚ್ಚಿಲ್ಲ. ಕೊಳ್ಳುವ ಮೊದಲು ಗಾಯನವಿಲ್ಲದ ಬರಿಯ ತಂಬೂರಿಯ ಧ್ವನಿಮುದ್ರಣ ಜತೆಗೆ ಒಯ್ಯಿರಿ. ಅಂಗಡಿಯವರು ತೋರಿಸಿದ ನಡುವಿನ ಕುರ್ಚಿಯಲ್ಲಿ ಕೂತು ಕೇಳಿ, ಎದ್ದು ನಿಂತು ಕೇಳಿ, ಬಾಗಿಲ ಬಳಿ ಹೋಗಿ ಕೇಳಿ. ಮೂರು ಕಡೆಯೂ ಜೀವಾರಿ ಒಂದೇ ಆಗಿದ್ದರೆ ಆಮೇಲೆ ಬೆಲೆ ವಿಚಾರಿಸಿ.